ಬೆಳಗ್ಗೆ ಹುಳಿ, ಸಂಜೆಗೆ ಸಪ್ಪೆ

ಐದೂವರೆಗೆ ಲ್ಯಾಬಿನ ಬೀಗ ತೆಗೆಯುವವನು ಓಬಯ್ಯ.
ರಾತ್ರಿಯಿಡೀ ಕಾಲೇಜು ಕಾದ ಕಣ್ಣು, ಮಫ್ಲರಿನಲ್ಲಿ ಬೀಡಿ ವಾಸನೆ,
ಕೈಯಲ್ಲಿ, ಕಾಂಪೌಂಡಿನಾಚೆಯ ಬಂಡೆಸಂದಿನಿಂದ
ಕಿತ್ತು ತಂದ ನಾಲ್ಕು ಕಾಡುಬಸಳೆ ಎಲೆ.
ನಾನು ಬ್ಯೂರೆಟ್ ತೊಳೆಯುವಷ್ಟರಲ್ಲಿ
ಒಂದನ್ನು ಮುರಿದು ಬಾಯಿಗಿಟ್ಟು, ಮುಖ ಕಿವುಚಿ,
"ಹುಣ್ಸೇಕಾಯಿ ಆಗೈತೆ, ಬರ್ಕಳ್ರಿ ಮೇಡಂ."

ಬರೆದುಕೊಂಡೆ. ಆಮೇಲೆ ಅಳೆದೆ ಕೂಡ.
ಹನಿ, ಹನಿ, ಇನ್ನೂ ಹನಿ ಕ್ಷಾರ,
ಹದಿನಾಲ್ಕು ಮಿಲಿ ಇಳಿದ ಮೇಲೆಯೇ
ಫ್ಲಾಸ್ಕಿನಲ್ಲಿ ಗುಲಾಬಿ ನಿಂತದ್ದು.
ನಿನ್ನೆ ಸಂಜೆಯ ಎಲೆಗೆ ಮೂರೇ ಸಾಕಾಗಿತ್ತು.

ದುರ್ಗದ ಬಂಡೆ ಹಗಲು ಕಾದ ಹಂಚು.
ಬಾಯಿ ತೆರೆದರೆ ಇದ್ದ ನೀರೂ ಹೋಯಿತು.
ಅದಕ್ಕೇ ಎಲೆ ತುಟಿ ಬಿಗಿದು ಕೂತು
ಕತ್ತಲಾದ ಮೇಲೆ ಉಸಿರೆಳೆಯುತ್ತದೆ;
ಎಳೆದದ್ದನ್ನೆಲ್ಲ ಹುಳಿ ಮಾಡಿ,
ಕೋಟೆಯವರು ಮಳೆನೀರನ್ನು ಹೊಂಡಕ್ಕಿಳಿಸಿದ ಹಾಗೆ
ಕೋಶದ ಒಳಗೊಳಕ್ಕೆ ಇಳಿಸುತ್ತದೆ.
ದಂಡೆ ಮೀರಿದರೆ ಮನೆಯೇ ಸುಟ್ಟೀತು.

ಹುಳಿ ಮಾಡುವ ಕಿಣ್ವಕ್ಕೆ ಇರುಳು
ಒಂದು ಫಾಸ್ಫೇಟು ತೊಡಿಸುತ್ತದೆ, ಮೂಗುಬೊಟ್ಟಿನಷ್ಟು.
ಅದಿರುವಷ್ಟು ಹೊತ್ತು ದಣಿವಿಲ್ಲ, ಯಾರ ಮಾತೂ ಕೇಳಿಸದು.
ನಸುಕಿಗೆ ಯಾರೋ ಬಿಚ್ಚುತ್ತಾರೆ.
ಬಿಚ್ಚಿದ್ದೇ ತಡ,
ತಾನೇ ಮಾಡಿಟ್ಟ ಹುಳಿ ಬಂದು
ಕೈ ಹಿಡಿದು ಅನ್ನುತ್ತದೆ:
ಸಾಕು.

ಆ ಒಂದು ಸಾಕಿನ ಮೇಲೆ ನಾಲ್ಕು ವರ್ಷ ಕಳೆದಿದ್ದೇನೆ.
ನನ್ನ ಪ್ರಬಂಧದಲ್ಲಿ ಅದಕ್ಕೆ ಹನ್ನೊಂದಕ್ಷರದ ಹೆಸರಿದೆ.
ನಮ್ಮವ್ವ ಸಾರಿನ ಹನಿ ಅಂಗೈಗೆ ಬಿಟ್ಟು ನೆಕ್ಕಿ
ಬೆಲ್ಲವೋ ಹುಣಸೆಯೋ ಎಂದು ಒಲೆ ಮುಂದೆ ತಡೆದು ನಿಲ್ಲುತ್ತಿದ್ದಳಲ್ಲ,
ಆ ಅರೆಗಳಿಗೆಯೇ ಇದು ಎನ್ನಿಸುತ್ತದೆ ಒಮ್ಮೊಮ್ಮೆ.
ಅಲ್ಲ, ಬೇರೆ. ಎಲೆಗೆ ನಾಲಗೆಯಿಲ್ಲ.
ಅಲ್ಲಿ ರುಚಿ ನೋಡಬೇಕಾದದ್ದು ರುಚಿಯೇ.

"ಹಂಗಾರೆ ಅದ್ರದ್ದೂ ನೈಟ್ ಡ್ಯೂಟಿ ಅನ್ರಿ."
ಹೂಂ, ಓಬಯ್ಯ.
"ರಜ?"
ಚೆನ್ನಾಗಿ ಮಳೆ ಬಿದ್ದರೆ ಕೆಲವು ಗಿಡ
ಹಗಲೂ ಬಾಯಿ ತೆರೆಯುತ್ತವೆ, ಅಂದೆ.
ಕಿಟಕಿಯಾಚೆ ಜೋಗಿಮಟ್ಟಿ ನೋಡಿ ನಕ್ಕ.
"ಈ ಊರಾಗೆ ಅದ್ಕೂ ರಜ ಇಲ್ಲ ಬಿಡ್ರಿ."

ಮಫ್ಲರು ಕಣ್ಣಿಗೆಳೆದುಕೊಂಡು ಮಲಗಲು ಹೋದ.
ಬೀಗದ ಕೈ ಮೇಜಿನ ಮೇಲೆ.
ಬಿಸಿಲು ಕೋಟೆಯ ತುದಿಗೆ ತಗುಲಿತ್ತು.
ಮುಚ್ಚಲು ಮರೆತ ಫ್ಲಾಸ್ಕಿನ ಗುಲಾಬಿ
ನೋಡನೋಡುತ್ತ ಬಿಳಿಚಿತು,
ಕೋಣೆಯ ಗಾಳಿ ಕುಡಿದು.
ಅದರಲ್ಲಿ ನನ್ನ ಉಸಿರೂ ಇತ್ತು,
ಅವನ ಬೀಡಿಯೂ.