ಎಫ್ ಆರು

ಮಲ್ಪೆ ರಸ್ತೆಯಲ್ಲಿ, ಆದಿ ಉಡುಪಿ ದಾಟಿ,
ಮೀನು ಹೋಟೆಲಿನ ಮೇಲಿನ ಒಂದೂವರೆ ಕೋಣೆ
ನನ್ನ ಡಿಟಿಪಿ ಸೆಂಟರ್.
ಮದುವೆ ಕಾಗದ, ಉತ್ತರಕ್ರಿಯೆ ಕಾಗದ, ಬಾಡಿಗೆ ಕರಾರು,
ಮತ್ತೆ ಹದಿನಾಲ್ಕು ವರ್ಷದಿಂದ
ಶಾಸಕ ಪುರಂದರ ಕುಂದರರ ಹೇಳಿಕೆಗಳು.

ಕಾರಿನಿಂದಲೇ ಹೇಳುತ್ತಾರೆ. ಹಿಂದೆ ಹಾರ್ನು,
ಸಂತೆಕಟ್ಟೆಯ ಧೂಳಿಗೆ ಬಂದ ಕೆಮ್ಮು.
ದಿಲ್ಲಿಯ ಮಸೂದೆಗೆ ಎರಡು ಪ್ಯಾರಾ,
ಗಡಿಯ ಗುಂಡಿಗೆ ಮೂರು,
ಹೊರದೇಶದವರು ಸೀಗಡಿಗೆ ಜಡಿದ ಸುಂಕಕ್ಕೆ ಒಂದು,
ನಾವಿಬ್ಬರೂ ಕಾಣದ ಊರುಗಳ ಮೇಲೆ ಬಿದ್ದ ಬಾಂಬಿಗೆ
‘ಜಾಗ ಇದ್ದಷ್ಟು ಹಾಕು.’

ಬೆರಳು ನೋಯುತ್ತದೆಂದು ಕೀಲಿಗಳಿಗೇ ಮಾತು ಕಲಿಸಿದ್ದೇನೆ.
ಎಫ್ ನಾಲ್ಕು ಒತ್ತಿದರೆ: ಉಗ್ರವಾಗಿ ಖಂಡಿಸುತ್ತೇನೆ.
ಐದಕ್ಕೆ: ಇದೊಂದು ಐತಿಹಾಸಿಕ ಹೆಜ್ಜೆ.
ಆರಕ್ಕೆ: ಸರಕಾರ ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದೆ.
ನಾಲ್ಕರ ಮೇಲಿನ ಅಂಕಿ ಸವೆದೇ ಹೋಗಿದೆ.
ಒಮ್ಮೆ ಅವಸರದಲ್ಲಿ ಐದು ಒತ್ತಿ
ಪರದೇಶದ ದಂಗೆಯೊಂದು ಐತಿಹಾಸಿಕ ಹೆಜ್ಜೆಯಾಗಿ ಅಚ್ಚಾಯಿತು.
ಯಾರೂ ಫೋನು ಮಾಡಲಿಲ್ಲ.

ಅಳಿವೆಬಾಗಿಲಿನ ಹೂಳಿನ ಬಗ್ಗೆ ಮಾತ್ರ
ಅಕ್ಷರ ಅಕ್ಷರ ಒತ್ತಬೇಕು. ವರ್ಷಕ್ಕೊಂದು ಬಾರಿ ಬರುವ ಮಾತಿಗೆ
ಕೀಲಿ ದಂಡ.

ಹಾಗಂತ ಕೆಟ್ಟವರೆನ್ನಲಾರೆ. ಬಲೆ ಹೆಣೆಯುವವರ ಮಗ,
ಇಂದಿಗೂ ಪ್ರೂಫಿನ ಮೇಲೆ ಬೆರಳಾಡಿಸುವುದು
ಹರಿದ ಕಣ್ಣು ಹುಡುಕುವ ಹಾಗೆ.

ಬೋಟುಗಳೆಲ್ಲ ದಕ್ಕೆಯಲ್ಲಿ ಮಲಗಿದ ಜುಲೈ.
ಹೂಡೆಯ ಝುಬೈದಮ್ಮ ಅರ್ಜಿ ಬರೆಸಲು ಬಂದಳು.
ಮಗ ನೌಫಲ್ ಟ್ಯಾಂಕರಿನಲ್ಲಿ ಅಡುಗೆಯವನು,
ಕೊಲ್ಲಿಯ ಬಾಯಲ್ಲಿ ಹಡಗು ತಡೆದು ಹನ್ನೊಂದು ದಿನ.
ಹೆಸರಿನ ಸ್ಪೆಲ್ಲಿಂಗು ಕೇಳುತ್ತಿದ್ದೆ, ಆಗಲೇ ಮೆಟ್ಟಿಲಲ್ಲಿ
ಶಾಸಕರು, ಒಬ್ಬರೇ, ಒದ್ದೆ ಚಪ್ಪಲಿಯಲ್ಲಿ.

ಆಕೆ ಎದ್ದು ನಿಂತು ಕೇಳಿದ್ದು ಇಷ್ಟೇ:
‘ಮೊನ್ನೆ ಪೇಪರಿನಲ್ಲಿ ಆ ಯುದ್ಧದ ಬಗ್ಗೆ ಅಷ್ಟು ಹೇಳಿದ್ದೀರಿ.
ನಿಮಗೆ ಗೊತ್ತಿರಬೇಕು. ಹಡಗು ಯಾವಾಗ ಬಿಡುತ್ತಾರೆ?’

ಅವರು ನನ್ನನ್ನು ನೋಡಿದರು. ನಾನು ಕೀಲಿಮಣೆ ನೋಡಿದೆ.
‘ಎಂಕ್ ಗೊತ್ತುಜ್ಜಿ ಅಕ್ಕ,’ ಎಂದರು.
ಮೈಕಿಗೆಂದು ಇಟ್ಟುಕೊಂಡ ದನಿಯಲ್ಲ ಅದು,
ದೋಣಿ ಮರಳದ ಸಂಜೆ ಅವರಪ್ಪ
ದಡದಲ್ಲಿ ಯಾರಿಗೋ ಹೇಳಿರಬಹುದಾದ ದನಿ.
‘ಆ ಜಾಗ ನಕಾಶೆಯಲ್ಲಿ ಎಲ್ಲಿದೆಯೆಂದೂ ಗೊತ್ತಿಲ್ಲ.’

ಅಭ್ಯಾಸಬಲ. ಬೆರಳು ಅದನ್ನೂ ಟೈಪ್ ಮಾಡಿಬಿಟ್ಟಿತ್ತು,
ಲಾಂಛನ, ದಿನಾಂಕ, ಉಲ್ಲೇಖ ಸಂಖ್ಯೆಯ ಕೆಳಗೆ.
ಪರದೆ ನೋಡಿ ನಕ್ಕರು, ಪೂರ್ತಿ ನಗದೆ.
‘ಅದು ಬೇಡ. ಆರು ಒತ್ತು.’
ಒತ್ತಿದೆ.

ಎರಡು ದಿನ ಬಿಟ್ಟು ಐದನೇ ಪುಟದಲ್ಲಿ ಬಂತು,
ಬೂತಾಯಿ ಧಾರಣೆಯ ಪಕ್ಕ, ಅವರ ಹಳೆಯ ಫೋಟೋ ಸಮೇತ:
ಪರಿಸ್ಥಿತಿಯನ್ನು ಸೂಕ್ಷ್ಮವಾಗಿ.

ಝುಬೈದಮ್ಮ ಅದನ್ನು ಕತ್ತರಿಸಿ ತಂದಳು.
‘ಕನ್ನಡಕ ಮನೆಯಲ್ಲುಂಟು. ಸ್ವಲ್ಪ ಓದು.’
ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು
ಅದರಲ್ಲಿ ಇಲ್ಲದ್ದನ್ನು ಓದಿದೆ:
ನನಗೆ ಗೊತ್ತಿಲ್ಲ. ಆ ಜಾಗ ಎಲ್ಲಿದೆಯೆಂದೂ ಗೊತ್ತಿಲ್ಲ.

ತಲೆಯಾಡಿಸಿದಳು. ‘ಹೌದು, ಹಾಗೆಯೇ ಹೇಳಿದ್ದರು.’
ಮಡಚಿ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡಳು.
ಅರ್ಜಿಗೆ ಇಪ್ಪತ್ತು ರೂಪಾಯಿ, ಬೇಡವೆಂದರೂ
ಮೇಜಿನ ಮೇಲೆ ಒತ್ತಿ ಹೋದಳು.

ಕೆಳಗೆ ಬಂಗುಡೆ ಕಾವಲಿಗೆ ಬಿದ್ದ ಸದ್ದು.
ಎಫ್ ಏಳು ಇನ್ನೂ ಖಾಲಿ ಇದೆ.
ಅದರ ಮೇಲೆ ಬೆರಳಿಟ್ಟು ಕೂತಿದ್ದೆ, ಅಷ್ಟರಲ್ಲಿ ಫೋನು:
‘ಬರ್ಕೊ ಮಾರಾಯ್ತಿ, ವಿಶ್ವಸಂಸ್ಥೆಗೆ ನಾನು—’