ಒಟ್ಟು ಎಂಬ ಕಲಂ

ಥಿಂಪುವಿನ ಕ್ರೀಡಾ ಕಚೇರಿ, ಮೂರನೇ ಮಹಡಿ.
ಕಬ್ಬಿಣದ ಒಲೆಗೆ ಬೆನ್ನು ಕೊಟ್ಟ ನನ್ನ ಮೇಜು,
ಮೇಜಿನ ಮೇಲೆ ನೀಲಿ ರಟ್ಟಿನ ಲೆಜರು.
ವರ್ಷ, ಊರು, ಹೋದವರೆಷ್ಟು,
ಚಿನ್ನ, ಬೆಳ್ಳಿ, ಕಂಚು,
ಆಮೇಲೆ ಒಟ್ಟು.
ಏಷ್ಯಾದ ಕೂಟಕ್ಕೆ ಇಷ್ಟು ದಪ್ಪದ ಪುಸ್ತಕ ಯಾಕೆ,
ಬೆಂಕಿಪೊಟ್ಟಣದ ಬೆನ್ನು ಸಾಲದೆ,
ಅನ್ನುತ್ತಾಳೆ ಗುಡಿಸಲು ಬರುವ ಪೇಮ್ ಲ್ಹಾದೆನ್.

ಕೆಲಸಕ್ಕೆ ಸೇರಿದ ಹೊಸತರಲ್ಲಿ
ಚಿನ್ನದ ಕೆಳಗೊಂದು ಅಡ್ಡಗೆರೆ ಎಳೆದಿದ್ದೆ,
ಬೆಳ್ಳಿಗೊಂದು, ಕಂಚಿಗೊಂದು,
ನೋಡುವವರ ಕಣ್ಣಿಗೆ ಚುಚ್ಚದಿರಲೆಂದು.
ಹಿರಿಯ ಗುಮಾಸ್ತ ಗ್ಯೆಂಬೊ ಕನ್ನಡಕ ಹಣೆಗೇರಿಸಿ
ಬ್ಲೇಡಿನಿಂದ ಮೂರನ್ನೂ ಕೆರೆದು ತೆಗೆದರು.
"ಗೆರೆ ಅಂದರೆ ಹೋಗಲಿಲ್ಲ ಅಂತ.
ಹೋಗಿದ್ದೆವಲ್ಲ? ಸೊನ್ನೆ ಬರಿ.
ದುಂಡಗೆ ಬರಿ."

ದುಂಡಗೆ ಬರೆಯುತ್ತಲೇ ಬಂದೆ.

ಒಂದು ಸಾಲಿನ 'ಹೋದವರೆಷ್ಟು'ವಿನಲ್ಲಿ
ಒಬ್ಬ ನನ್ನ ಸೋದರಮಾವ, ನಿದುಪ್.
ನಮ್ಮ ಹಾ ಕಣಿವೆಯ ಬಿಲ್ಲಾಟದಲ್ಲಿ
ಗುರಿ ನೂರನಲವತ್ತು ಮೀಟರು ಆಚೆ,
ಮೊಳದೊಳಗಿನ ಅಗಲದ ಮರದ ಹಲಗೆ.
ಅದರ ಪಕ್ಕದಲ್ಲೇ ನಿಂತು ಎದುರಾಳಿಗಳು ಕೂಗುತ್ತಾರೆ:
ಕಣ್ಣಿಗೆ ಪೊರೆ ಬಂತೇನೋ, ಮನೆಗೆ ಹೋಗಿ ಮೆಣಸಿನಕಾಯಿ ಒಣಗಿಸು!
ಹೆಂಗಸರು ಅವನ ಮೂಗಿನ ಮೇಲೆ ಪದ ಕಟ್ಟುತ್ತಾರೆ.
ತಗುಲಿತೋ,
ಇಡೀ ತಂಡ ಕಾಲೆತ್ತಿ ಕುಣಿಯುತ್ತದೆ,
ಸೊಂಟಕ್ಕೊಂದು ಬಣ್ಣದ ವಸ್ತ್ರ ಸೇರುತ್ತದೆ.
ಸಂಜೆಯ ಹೊತ್ತಿಗೆ ಮಾವ
ಗರಿಗೆದರಿದ ಹುಂಜದ ಹಾಗೆ ಮನೆಗೆ ಬರುತ್ತಿದ್ದ.

ಅಲ್ಲಿ, ಕೂಟದ ಊರಲ್ಲಿ,
ಗುರಿ ಎಪ್ಪತ್ತೇ ಮೀಟರು. ಅರ್ಧ!
ಬಂಡಿಗಾಲಿಯಷ್ಟು ಅಗಲ.
ಆದರೆ ಯಾರೂ ಬಯ್ಯಲಿಲ್ಲ.
"ಅಷ್ಟು ಮೌನದಲ್ಲಿ ಬಾಣ ಬಿಡೋದು ಹೇಗೆ ಹೇಳು,
ಸಾವಿನ ಮನೆಯಲ್ಲಿ ಸೀಟಿ ಹೊಡೆದ ಹಾಗೆ."
ಒಂದು ಬಾಣ ನಡುವಿನ ಹಳದಿಗೆ ಬಿದ್ದಾಗ
ಅಭ್ಯಾಸಬಲದಿಂದ ಕಾಲೆತ್ತಿದನಂತೆ.
ತೀರ್ಪುಗಾರ ಗಡಿಯಾರ ತೋರಿಸಿದನಂತೆ.
ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟನಂತೆ.

ಅದಕ್ಕೆ ನನ್ನ ಲೆಜರಿನಲ್ಲಿ ಕಲಂ ಇಲ್ಲ.

ಸೆಲ್ಡೆನ್‌ಗೂ ಇಲ್ಲ. ಬಾಕ್ಸಿಂಗು.
ಮೊದಲ ಸುತ್ತೂ ಮುಗಿಯದೆ ಇಳಿದವಳು
ಊದಿದ ತುಟಿಯಲ್ಲೇ ಊಟದ ಸಾಲಿನಲ್ಲಿ ನಿಂತು
ಹದಿನೇಳು ದೇಶದವರ ಬ್ಯಾಡ್ಜು ಗಿಟ್ಟಿಸಿದಳು,
ತನ್ನಲ್ಲಿದ್ದದ್ದು ಎರಡೇ ಆದರೂ. ಹೇಗೆಂದು ಇವತ್ತಿಗೂ ಬಾಯಿಬಿಟ್ಟಿಲ್ಲ.
ಕೊನೆಯವನಾಗಿ ಬಂದ ಮ್ಯಾರಥಾನಿನ ದಾಂಚು
ವರದಿ ಫಾರಮ್ಮಿನಲ್ಲಿ ಒಂದೇ ವಾಕ್ಯ ಬರೆದ:
ಸಮುದ್ರದ ಪಕ್ಕದ ಗಾಳಿ ದಪ್ಪ, ಅಗಿದು ನುಂಗಬೇಕು.

ರಾಷ್ಟ್ರಗೀತೆಯನ್ನು ಮುಂಚೆಯೇ ಕಳಿಸಬೇಕು, ನಿಯಮ.
ಮೊದಲು ಕ್ಯಾಸೆಟ್ಟು, ಆಮೇಲೆ ಸೀಡಿ, ಈಗ ಫೈಲು.
ಕಳಿಸುವವಳು ನಾನೇ.
ಬಾವುಟ ಏರಿಸುವ ದಿನ ಎಲ್ಲರದೂ ಒಮ್ಮೊಮ್ಮೆ ನುಡಿಸುತ್ತಾರೆ,
ನಮ್ಮದನ್ನೂ.
ಎರಡನೇ ಸಲ ಕೇಳಿ ಬಂದವರು ನಮ್ಮಲ್ಲಿ ಯಾರೂ ಇಲ್ಲ.

ಈ ವರ್ಷದ ಸಾಲಿಗೆ ಊರಿನ ಹೆಸರು ಬರೆದಾಗಿದೆ.
ಹೋಗುವವರು ಹದಿನಾರು.
ಮುಂದಿನ ನಾಲ್ಕು ಮನೆಗಳು ಖಾಲಿ,
ಅಲ್ಲಿ ಗೆರೆಯೂ ಇಲ್ಲ, ಸೊನ್ನೆಯೂ ಇಲ್ಲ;
ವರ್ಷದಲ್ಲಿ ಈ ಕೆಲವು ವಾರ
ಪುಟ ತಿರುವಲು ನನಗೇ ಆಸೆ.

ನಿನ್ನೆ ಮೈದಾನಕ್ಕೆ ಹೋಗಿದ್ದೆ.
ಹದಿನೆಂಟರ ಹುಡುಗಿ ಕೆಸಾಂಗ್ ಅಭ್ಯಾಸಕ್ಕೆ ನಿಂತಿದ್ದಳು.
ಮೌನಕ್ಕೆ ಅವಳನ್ನು ಪಳಗಿಸಲೆಂದು
ಮಾವನನ್ನು ಕರೆತಂದು ಕೂರಿಸಿದ್ದರು,
ಬಾಯಿ ಬಿಡಬಾರದೆಂಬ ಕರಾರಿನಲ್ಲಿ.
ಕಣ್ಣಿಗೆ ಈಗ ನಿಜಕ್ಕೂ ಪೊರೆ.
ಬಾಣ ಹೋಯಿತು. ಕಂಡಿರಲಾರದು ಅವನಿಗೆ.
ಸದ್ದು ಕೇಳಿ,
ತುಟಿ ಬಿಗಿಹಿಡಿದು,
ಕೂತ ಕುರ್ಚಿಯಲ್ಲೇ
ಒಂದು ಕಾಲು ಎತ್ತಿದ.