ಎರಡನೇ ಗಿಡ

ಮೊದಲನೇ ಜುನಿಪರಿಗೆ ಕತ್ತರಿ ಹಾಕಿದ್ದು ಮೇ ತಿಂಗಳಲ್ಲಿ,
ಕಲಬುರಗಿಯ ಮಾಳಿಗೆ ರೊಟ್ಟಿ ಹಂಚಿನಂತೆ ಕಾದಿದ್ದಾಗ.
ಕೊಂಬೆ ಸವರಿದೆ, ಬೇರು ಕತ್ತರಿಸಿದೆ, ಕುಂಡ ಬದಲಿಸಿದೆ,
ಎಲ್ಲಾ ಒಂದೇ ಮಧ್ಯಾಹ್ನ.
ಸತ್ತದ್ದು ತಿಳಿಯಲಿಲ್ಲ.
ಈ ಗಿಡ ಸತ್ತ ಮೇಲೂ ವಾರಗಟ್ಟಲೆ ಹಸಿರು.
ಆಷಾಢದವರೆಗೆ ದಿನಾ ಒಂದು ಚೊಂಬು ನೀರು ಹಾಕಿದೆ,
ಮಾತೂ ಆಡಿಸಿದೆ.

ತಾಮ್ರದ ತಂತಿ ಕೇಳಲು ಹೋದಾಗ
ಮೋಟಾರ್ ಸುತ್ತುವ ಲಾಡ್ಲೆಸಾಬ
ಬ್ಲೇಡಿನಿಂದ ತಂತಿಯ ಮೆರುಗು ಕೆರೆದು ತೋರಿಸಿದ:
"ಮ್ಯಾಲಿನ ಬಣ್ಣ ನಂಬಬ್ಯಾಡ್ರಿ ಅಕ್ಕಾರ,
ಒಳಗ ಕರೆಂಟ್ ಹರೀತದ ಇಲ್ಲ ನೋಡ್ರಿ."
ಮನೆಗೆ ಬಂದು ಉಗುರಿನಿಂದ ತೊಗಟೆ ಕೆರೆದೆ.
ಒಳಗೆ ಬೀಡಿ ಎಲೆಯ ಕಂದು.

ಇದು ಎರಡನೆಯದು.
ಒಂದು ವರ್ಷ ಬರೀ ನೋಡಿದೆ.
ಮಿರುಗ ಸುರಿದು ತುದಿಗಳು ಎಳೆಹಸಿರಾದ ಮೇಲೆ
ಒಳಗೆ ಒಣಗಿದ್ದನ್ನಷ್ಟೇ ಬೆರಳಿಂದ ಆರಿಸಿದೆ,
ಜೋಳದಲ್ಲಿ ಕಲ್ಲು ಆರಿಸಿದ ಹಾಗೆ.
ಕತ್ತರಿ ಗೂಟಕ್ಕೇ ಇತ್ತು.

ಎಳ್ಳಮಾವಾಸ್ಯೆ ಮುಗಿದು ಎರಡು ದಿನ,
ಡಬ್ಬಿಯಲ್ಲಿ ಇನ್ನೂ ಸಜ್ಜೆ ಕಡುಬಿದೆ.
ಇವತ್ತು ಒಂದೇ ಕೊಂಬೆಗೆ ತಂತಿ ಸುತ್ತಿದೆ,
ಸುಟ್ಟ ಮೋಟಾರಿನದು, ಹೊಗೆ ವಾಸನೆ ಹೋಗಿಲ್ಲ.
ಬಾಗಿಸುವಾಗ ಎಲ್ಲೋ
ಟಿಕ್ ಎಂದಿತು.

ಕೈ ತೆಗೆದೆ.
ಉಳಿದದ್ದು ಮುಂದಿನ ಚಳಿಗೆ.